ಹೆಚ್ಚಿದ ಅನಾನಸ್‌ಗೆ ತಿನ್ನಬಹುದಾದ ಪದರ: ಸಾಗರ ಸೀಮೆಯ ಒಂದು ಪ್ರಕರಣ

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸಂಘವೊಂದು ಅನಾನಸ್ ಹೆಚ್ಚಿ, ಡಬ್ಬಿಗೆ ತುಂಬಿ, ಜೋಗದ ದಾರಿಯ ಅಂಗಡಿಗಳಿಗೂ ಪೇಟೆಯ ಕೆಲವು ಹೋಟೆಲುಗಳಿಗೂ ಕೊಡುತ್ತದೆ. ಹೆಚ್ಚಿದ ಹಣ್ಣು ಬೇಗ ಕೆಡುತ್ತದೆ ಎಂಬ ಕಾರಣಕ್ಕೆ ಅವರು ತಿನ್ನಬಹುದಾದ, ಸೂಕ್ಷ್ಮಜೀವಿಗಳನ್ನು ತಡೆಯುವ ಪದರವೊಂದನ್ನು ಹಣ್ಣಿನ ಮೇಲೆ ಕೂರಿಸಲು ಹೊರಟರು. ಆ ಕೆಲಸದಲ್ಲಿ ತಾಂತ್ರಿಕ ಸಲಹೆಗೆ ನಾನು ಜೊತೆಗಿದ್ದೆ. ಸಂಘದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಸದಸ್ಯರ ಹೆಸರು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ನಡೆದ ಕ್ರಮ, ತೆಗೆದುಕೊಂಡ ತೀರ್ಮಾನ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಸಾಗರ, ಸೊರಬ, ಆಚೆ ಬನವಾಸಿ ಕಡೆಗೆಲ್ಲ ಅನಾನಸ್ ಚೆನ್ನಾಗಿ ಬರುತ್ತದೆ. ಹೆಚ್ಚಿನದು ಕ್ಯೂ ತಳಿ: ದಪ್ಪ ಹಣ್ಣು, ಕಣ್ಣು ಅಗಲ, ರಸ ಜಾಸ್ತಿ. ಹಣ್ಣು ಒಮ್ಮೆಲೇ ಬಂದಾಗ ದರ ಕುಸಿಯುತ್ತದೆ. ಸೊಟ್ಟಗಿದ್ದದ್ದು, ಸಣ್ಣದು, ಜುಟ್ಟು ಮುರಿದದ್ದು ವ್ಯಾಪಾರಿಯ ಲಾರಿ ಹತ್ತುವುದಿಲ್ಲ. ಹೀಗೆ ಉಳಿದ ಹಣ್ಣನ್ನು ಹೆಚ್ಚಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂಬುದು ಸಂಘದ ಲೆಕ್ಕ. ಅದು ಸರಿಯಾದ ಲೆಕ್ಕವೇ.

ಜೋಗಕ್ಕೆ ಜನ ಮುಗಿಬೀಳುವುದು ಮಳೆಗಾಲದಲ್ಲಿ. ಶರಾವತಿ 253 ಮೀಟರ್ ಧುಮುಕುವುದನ್ನು ನೋಡಲು ಬಂದವರು ಉಪ್ಪು ಖಾರ ಹಾಕಿದ ಅನಾನಸ್ ತಿನ್ನದೆ ಹೋಗುವುದು ಅಪರೂಪ. ಅದೇ ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ನಂಬಿಕೆಗೆ ಸಲ್ಲದು. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಅಂಗಡಿಯ ಫ್ರಿಜ್ ಅರ್ಧ ದಿನ ಸುಮ್ಮನೆ ನಿಂತಿರುತ್ತದೆ. ಬೇಡಿಕೆ ಏರುವ ಹೊತ್ತಿಗೇ ತಂಪು ಕೈಕೊಡುತ್ತದೆ.

ಸಂಘದ ದಿನಚರಿ ಹೀಗಿತ್ತು. ಸಂಜೆ ಮನೆಗೆಲಸ ಮುಗಿಸಿ ಎಲ್ಲರೂ ಸೇರಿ ರಾತ್ರಿ ಹಣ್ಣು ಹೆಚ್ಚುವುದು, ಡಬ್ಬಿ ತುಂಬುವುದು, ಬೆಳಗಿನ ಮೊದಲ ಬಸ್ಸಿಗೆ ಹಾಕುವುದು. ಅಂಗಡಿಯವನ ಕೈಗೆ ಡಬ್ಬಿ ಸೇರುವ ಹೊತ್ತಿಗೆ ಹಣ್ಣು ಹೆಚ್ಚಿ ಹನ್ನೆರಡು ತಾಸಿನ ಹತ್ತಿರ ಆಗಿರುತ್ತಿತ್ತು. ಈ ಸಂಗತಿ ಮುಂದೆ ಬಹಳ ಮುಖ್ಯವಾಯಿತು. ಆದರೆ ಆರಂಭದಲ್ಲಿ ಯಾರೂ ಅದನ್ನು ಸಮಸ್ಯೆ ಎಂದು ಹೇಳಲಿಲ್ಲ.

ಸಮಸ್ಯೆ

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ತಳದಲ್ಲಿ ರಸ ಮಡುಗಟ್ಟುತ್ತಿತ್ತು. ಮುಚ್ಚಳ ಉಬ್ಬುತ್ತಿತ್ತು. ಬಾಯಿಗಿಟ್ಟರೆ ನಾಲಿಗೆ ಚುರುಗುಟ್ಟುತ್ತಿತ್ತು, ಹುಳಿ ಹೆಂಡದ ವಾಸನೆ ಬರುತ್ತಿತ್ತು. ಅಂಗಡಿಯವರು ಡಬ್ಬಿಗಳನ್ನು ವಾಪಸು ಕಳಿಸತೊಡಗಿದರು. ಒಬ್ಬರಂತೂ ಇನ್ನು ಬೇಡ ಎಂದೇ ಹೇಳಿಬಿಟ್ಟರು.

ಅಷ್ಟರಲ್ಲಿ ಸದಸ್ಯೆಯೊಬ್ಬರ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ್ದ. ಕೈಟೊಸಾನ್ ಎಂಬ ಪುಡಿಯನ್ನು ಕರಗಿಸಿ ಹಣ್ಣಿಗೆ ಲೇಪಿಸಿದರೆ ಹಣ್ಣು ವಾರಗಟ್ಟಲೆ ಕೆಡುವುದಿಲ್ಲ ಎಂದು ಅದರಲ್ಲಿತ್ತು. ಸಂಘದವರು ಪುಡಿಯನ್ನು ಆನ್‌ಲೈನಿನಲ್ಲಿ ತರಿಸಿಯೂ ಆಗಿತ್ತು. ನಾನು ಹೋದಾಗ ಪೊಟ್ಟಣ ಕಪಾಟಿನಲ್ಲಿ ಒಡೆಯದೆ ಇತ್ತು. ಅದರ ಮೇಲೆ ಬೆಳೆಗೆ ಸಿಂಪಡಿಸಲು ಎಂದು ಬರೆದಿತ್ತು. ಹೊಲಕ್ಕೆ ಮಾರುವ ದರ್ಜೆಯದಕ್ಕೂ ಆಹಾರಕ್ಕೆ ಬಳಸುವ ದರ್ಜೆಯದಕ್ಕೂ ಶುದ್ಧತೆಯಲ್ಲಿ, ಭಾರಲೋಹಗಳ ಮಿತಿಯಲ್ಲಿ, ತಯಾರಿಕೆಯ ಸ್ವಚ್ಛತೆಯಲ್ಲಿ ಅಂತರವಿದೆ. ಪುಡಿಯ ಹೆಸರು ಒಂದೇ ಎಂದ ಮಾತ್ರಕ್ಕೆ ವಸ್ತು ಒಂದೇ ಆಗುವುದಿಲ್ಲ. ಆ ಪೊಟ್ಟಣವನ್ನು ಅಡಿಕೆ ತೋಟದ ಸಾಮಾನಿನ ಜೊತೆ ಇಡಲು ಹೇಳಿದೆ.

ಕೆಡಿಸುವವರು ಯಾರು

ಯಾವ ಪದರ ಎಂದು ಯೋಚಿಸುವ ಮೊದಲು ಯಾವ ಜೀವಿ ಹಣ್ಣನ್ನು ಕೆಡಿಸುತ್ತಿದೆ ಎಂದು ತಿಳಿಯಬೇಕಿತ್ತು. ವಾಪಸು ಬಂದ ಡಬ್ಬಿಗಳೇ ಅರ್ಧ ಉತ್ತರ ಕೊಟ್ಟವು. ಅನಿಲ ತುಂಬಿ ಉಬ್ಬಿದ ಮುಚ್ಚಳ, ಮದ್ಯದ ವಾಸನೆ, ಕಲಕಿದ ರಸ ಇವು ಸಕ್ಕರೆಯನ್ನು ಹುದುಗಿಸಿ ಮದ್ಯ ಮಾಡುವ ಸೂಕ್ಷ್ಮಜೀವಿಯಾದ ಯೀಸ್ಟಿನ ಗುರುತುಗಳು. ಶಿವಮೊಗ್ಗದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಆ ರಸದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊಗ್ಗೊಡೆಯುತ್ತಿದ್ದ ಯೀಸ್ಟ್ ಕೋಶಗಳು ಧಾರಾಳವಾಗಿ ಕಂಡವು.

ಇದು ಸಹಜವೇ. ಅನಾನಸ್ಸಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 3.2ರಿಂದ 4ರ ನಡುವೆ ಇರುತ್ತದೆ. ಅಷ್ಟು ಹುಳಿಯಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಯೀಸ್ಟ್ ಮತ್ತು ಬೂಷ್ಟಿಗೆ ಆ ಹುಳಿ ಅಡ್ಡಿಯಲ್ಲ, ಜೊತೆಗೆ ಬೇಕಾದಷ್ಟು ಸಕ್ಕರೆಯೂ ಅಲ್ಲಿದೆ.

ಈ ಒಂದು ವಿಷಯ ಸ್ಪಷ್ಟವಾದದ್ದರಿಂದ ಕೆಲವು ದಾರಿಗಳು ತಾವಾಗಿಯೇ ಮುಚ್ಚಿದವು. ಆಹಾರ ಸಂರಕ್ಷಣೆಯಲ್ಲಿ ನೈಸಿನ್‌ಗೆ ದೊಡ್ಡ ಹೆಸರಿದೆ. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಈ ಸಣ್ಣ ಪ್ರೋಟೀನನ್ನು ಚೀಸ್ ಮುಂತಾದವುಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ. ಆದರೆ ಅದು ಕೆಲಸ ಮಾಡುವುದು ಗ್ರಾಮ್-ಪಾಸಿಟಿವ್ ಎಂಬ ಒಂದು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ. ಯೀಸ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಎಲ್ಲೋ ಪನೀರಿಗೆ ಫಲ ಕೊಟ್ಟ ಪದರವನ್ನು ಹಾಗೆಯೇ ಹಣ್ಣಿಗೆ ಎತ್ತಿ ತಂದಿದ್ದರೆ ದುಡ್ಡು ನೀರಿನಲ್ಲಿ ಹೋಗುತ್ತಿತ್ತು.

ಕೈಟೊಸಾನ್ ಮತ್ತು ಸಂಘದ ಚರ್ಚೆ

ಆಹಾರ ದರ್ಜೆಯ ಕೈಟೊಸಾನ್ ತರಿಸಬಹುದಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ವಿಜ್ಞಾನದ ದೃಷ್ಟಿಯಿಂದ ಅದು ಒಳ್ಳೆಯ ಆಯ್ಕೆ. ಹುಳಿ ದ್ರಾವಣದಲ್ಲಿ ಕರಗಿದಾಗ ಕೈಟೊಸಾನ್ ಧನ ವಿದ್ಯುದಂಶ ಪಡೆಯುತ್ತದೆ. ಸೂಕ್ಷ್ಮಜೀವಿಗಳ ಹೊರಮೈ ಋಣ ವಿದ್ಯುದಂಶದ್ದು. ಕೈಟೊಸಾನ್ ಅದಕ್ಕೆ ಅಂಟಿ ಪೊರೆಯನ್ನು ಹಾಳುಗೆಡವುತ್ತದೆ, ಒಳಗಿನ ದ್ರವ ಸೋರಿ ಜೀವಿ ಸಾಯುತ್ತದೆ. ಯೀಸ್ಟು, ಬೂಷ್ಟಿನ ಮೇಲೂ ಅದರ ಪ್ರಭಾವವಿದೆ. ಮೇಲಾಗಿ ಬೇರೆ ಏನನ್ನೂ ಬೆರೆಸದೆ ತಾನೇ ಪದರವೂ ಆಗುತ್ತದೆ.

ಆದರೆ ಮಾರುಕಟ್ಟೆಯಲ್ಲಿ ಸಿಗುವ ಕೈಟೊಸಾನ್ ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಇದನ್ನು ನಾನು ಸಭೆಯಲ್ಲಿ ಹೇಳಿದಾಗ ಕೋಣೆ ಎರಡು ಪಾಲಾಯಿತು. ‘ಚಿಪ್ಪನ್ನು ಆಸಿಡ್ಡು, ಕ್ಷಾರದಲ್ಲಿ ಅಷ್ಟೆಲ್ಲ ಬೇಯಿಸಿ ತೊಳೆದ ಮೇಲೆ ಅದರಲ್ಲಿ ಸೀಗಡಿ ಎಲ್ಲಿ ಉಳೀತದೆ? ಯಾರಿಗೆ ಗೊತ್ತಾಗ್ತದೆ?’ ಎಂದು ಒಬ್ಬರು ಕೇಳಿದರು. ಹಿರಿಯ ಸದಸ್ಯೆಯೊಬ್ಬರು, ‘ಗೊತ್ತಾಗೋದಿಲ್ಲ ಅಂತ್ಲೇ ಹೇಳ್ಬೇಕು. ತಿನ್ನೋರು ಬೇಕೋ ಬೇಡ್ವೋ ಅಂತ ಅವರೇ ನೋಡ್ಕೊಳ್ಲಿ. ಅವರ ಪರವಾಗಿ ನಾವು ಯಾಕೆ ತೀರ್ಮಾನ ಮಾಡ್ಬೇಕು?’ ಎಂದರು.

ಈ ಪ್ರಕರಣದ ಮೊದಲ ತಿರುವು ಇದು. ಕಾನೂನೂ ಆ ಹಿರಿಯರ ಪಕ್ಷದಲ್ಲೇ ಇದೆ. ಹಸಿರು ಚುಕ್ಕೆ ಹಾಕಬೇಕಾದರೆ ಪ್ರಾಣಿಮೂಲದ ಪದಾರ್ಥ ಇರಬಾರದು. ಸಮುದ್ರದ ಜೀವಿಗಳೂ ಅದರಲ್ಲಿ ಸೇರುತ್ತವೆ. ಹಾಲು, ಜೇನು, ಜೇನುಮೇಣಗಳಿಗೆ ವಿನಾಯಿತಿ ಇದೆ, ಸೀಗಡಿ ಚಿಪ್ಪಿಗೆ ಇಲ್ಲ. ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುವ, ಉಸಿರುಗಟ್ಟುವ ಅಲರ್ಜಿಯವರೂ ಇದ್ದಾರೆ. ಅನಾನಸ್ ಡಬ್ಬಿಯಲ್ಲಿ ಅಂಥದ್ದು ಇದ್ದೀತೆಂದು ಅವರು ಕನಸಿನಲ್ಲೂ ಎಣಿಸುವುದಿಲ್ಲ. ಶಿಲೀಂಧ್ರದಿಂದ ತೆಗೆದ ಕೈಟೊಸಾನ್ ಕೂಡ ಇದೆ, ಅದು ಸಸ್ಯಾಹಾರಿಗಳಿಗೂ ಒಪ್ಪುವಂಥದ್ದು. ಆದರೆ ಇಷ್ಟು ಸಣ್ಣ ಘಟಕಕ್ಕೆ ಬೇಕಾದ ಪ್ರಮಾಣದಲ್ಲಿ, ಕೈಗೆಟುಕುವ ದರದಲ್ಲಿ ಅದನ್ನು ಹೊಂದಿಸಲು ಆಗಲಿಲ್ಲ. ಕೈಟೊಸಾನ್ ಅಧ್ಯಾಯ ಅಲ್ಲಿಗೆ ಮುಗಿಯಿತು. ತಿನ್ನುವ ಪದರದ ಬಗ್ಗೆ ಯಾರೇ ಬಂದು ಕೇಳಿದರೂ ಈಗ ನಾನು ಮೊದಲು ಕೇಳುವುದು ಅದರ ಮೂಲ ಯಾವುದು ಎಂದೇ.

ತೊಡೆದೇವಿನ ಕೈ

ಸಂಘದಲ್ಲಿ ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾಡುವುದರಲ್ಲಿ ನುರಿತವರೊಬ್ಬರಿದ್ದರು. ಬಿಸಿ ಮಡಕೆಯ ಬೆನ್ನ ಮೇಲೆ ಅಕ್ಕಿ ಹಿಟ್ಟು, ಕಬ್ಬಿನ ಹಾಲಿನ ಹದವನ್ನು ಒಂದೇ ಎಳೆತಕ್ಕೆ ಬಳಿದು, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸುವ ಕೈ ಅದು. ಪ್ರಯೋಗಾಲಯದಲ್ಲಿ ಪಿಷ್ಟದ ಫಿಲ್ಮ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ: ಪಿಷ್ಟವನ್ನು ನೀರಿನಲ್ಲಿ ಕಾಯಿಸಿ ಅಂಬಲಿ ಮಾಡುವುದು, ಮುರಿಯದಿರಲು ಗ್ಲಿಸರಾಲ್ ಸೇರಿಸುವುದು, ತೆಳ್ಳಗೆ ಹರಡಿ ಒಣಗಿಸುವುದು. ಹಾಗಾಗಿ ಬಿಡಿ ಹಾಳೆಯನ್ನೇ ಮಾಡಿ ಹಣ್ಣಿಗೆ ಸುತ್ತೋಣ ಎಂದು ಅವರು ಉತ್ಸಾಹದಿಂದ ಮುಂದೆ ಬಂದರು. ಆಹಾರ ದರ್ಜೆಯ ಗ್ಲಿಸರಾಲನ್ನು ಪಿಷ್ಟದ ತೂಕದ ಕಾಲು ಭಾಗದಷ್ಟು ಹಾಕಿ, ಮರಗೆಣಸಿನ ಪಿಷ್ಟದಲ್ಲಿ ಮಾಡಿದ ಹಾಳೆಗಳು ನೋಡಲು ಬಹಳ ಚಂದ ಬಂದವು. ಅಂಥ ಏಕರೂಪದ ದಪ್ಪವನ್ನು ಉಪಕರಣವಿಲ್ಲದೆ ಬರೀ ಕೈಯಲ್ಲಿ ತಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಹಾಳೆ ಹೆಚ್ಚಿದ ಅನಾನಸ್ಸಿನ ಮೇಲೆ ನಿಲ್ಲಲಿಲ್ಲ. ಪಿಷ್ಟ ನೀರನ್ನು ಬಯಸುವ ವಸ್ತು. ರಸ ಜಿನುಗುವ ಮೈಗೆ ತಾಗುತ್ತಲೇ ಉಬ್ಬಿ, ಮೆತ್ತಗಾಗಿ, ಗಂಜಿಯಾಗಿ ಹರಿದುಹೋಯಿತು. ಮಳೆಗಾಲದ ತೇವಕ್ಕೆ ಡಬ್ಬಿಯೊಳಗಿದ್ದ ಬಿಡಿ ಹಾಳೆಗಳೂ ಒಂದಕ್ಕೊಂದು ಅಂಟಿದವು. ಒಣ ತಿನಿಸುಗಳ ನಡುವೆ ಇಡಲು, ಪುಡಿಗಳನ್ನು ಸಣ್ಣ ಪೊಟ್ಟಣ ಕಟ್ಟಲು ಆ ಹಾಳೆ ಚೆನ್ನಾಗಿ ಒದಗೀತು. ಒದ್ದೆ ಹಣ್ಣಿಗೆ ಬೇಕಾದದ್ದು ಮೊದಲೇ ಮಾಡಿಟ್ಟ ಹಾಳೆಯಲ್ಲ, ಹಣ್ಣಿನ ಮೈಮೇಲೆಯೇ ಗಟ್ಟಿಯಾಗುವ ಲೇಪ.

ಜೆಲಟಿನ್ ಬಳಸಬಹುದೇ ಎಂದು ಯಾರೋ ಕೇಳಿದರು. ಅದೂ ಪ್ರಾಣಿಮೂಲದ್ದೇ. ಅದಲ್ಲದಿದ್ದರೂ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ, ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಸಿ ಅನಾನಸ್ ಹಾಕಿದ ಜೆಲ್ಲಿ ಗಟ್ಟಿಯಾಗದಿರುವುದೂ, ಹಣ್ಣು ಜಾಸ್ತಿ ತಿಂದರೆ ನಾಲಿಗೆ ಉರಿಯುವುದೂ ಬಹುಮಟ್ಟಿಗೆ ಅದರಿಂದಲೇ. ಹಾಲೊಡಕಿನ ಪ್ರೋಟೀನಿನ ಪದರವನ್ನೂ ಅದು ಬಿಡುವುದಿಲ್ಲ. ಪ್ರೋಟೀನಿನ ದಾರಿಯನ್ನು ಈ ಹಣ್ಣೇ ಮುಚ್ಚಿತು.

ಆಲ್ಜಿನೇಟ್

ಕಡೆಗೆ ಆರಿಸಿದ್ದು ಸೋಡಿಯಂ ಆಲ್ಜಿನೇಟ್. ಇದು ಕಂದು ಬಣ್ಣದ ಕಡಲಕಳೆಯಿಂದ ತೆಗೆಯುವ ಪದಾರ್ಥ, ಐಸ್‌ಕ್ರೀಮಿನಿಂದ ಹಿಡಿದು ಅನೇಕ ತಿನಿಸುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನೀರಿನಲ್ಲಿ ಕರಗಿಸಿದರೆ ಲೋಳೆಯಾಗುತ್ತದೆ. ಆ ಲೋಳೆಯಲ್ಲಿ ಅದ್ದಿದ ಹೋಳನ್ನು ಕ್ಯಾಲ್ಸಿಯಂ ಇರುವ ನೀರಿಗೆ ಹಾಕಿದರೆ ಕ್ಯಾಲ್ಸಿಯಂ ಕಣಗಳು ಆಲ್ಜಿನೇಟಿನ ಉದ್ದನೆಯ ಎಳೆಗಳನ್ನು ಅಡ್ಡಡ್ಡ ಹೆಣೆಯುತ್ತವೆ, ಕ್ಷಣದಲ್ಲಿ ತೆಳುವಾದ ಪಾರದರ್ಶಕ ಜೆಲ್ ಮೂಡುತ್ತದೆ. ಬಿಸಿ ಬೇಡ, ಒಣಗಿಸುವ ಯಂತ್ರ ಬೇಡ. ಕ್ಯಾಲ್ಸಿಯಂ ಹಣ್ಣಿನ ಕೋಶಗಳನ್ನು ಹಿಡಿದಿಡುವ ಪೆಕ್ಟಿನನ್ನೂ ಬಿಗಿಗೊಳಿಸುವುದರಿಂದ ಹೋಳು ಬೇಗ ಮೆತ್ತಗಾಗುವುದಿಲ್ಲ. ಶೇ 1ರಿಂದ 2ರಷ್ಟು ಆಲ್ಜಿನೇಟ್, ಸುಮಾರು ಅಷ್ಟೇ ಕ್ಯಾಲ್ಸಿಯಂ ಲವಣ ಸಾಕು.

ಕೆಲಸಕ್ಕಿಳಿದಾಗ ಒಂದೊಂದೇ ತೊಡಕು ಎದ್ದಿತು. ಮೊದಲಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದ್ದರು. ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ತಿಂದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಹಿ ಉಳಿಯಿತು. ಕ್ಯಾಲ್ಸಿಯಂ ಲ್ಯಾಕ್ಟೇಟಿಗೆ ಬದಲಿಸಿದಾಗ ಆ ದೂರು ನಿಂತಿತು. ಎರಡನೆಯದು, ಹೋಳುಗಳನ್ನು ಅದ್ದುತ್ತಾ ಹೋದಂತೆ ಆಲ್ಜಿನೇಟ್ ಲೋಳೆಯೇ ಗಂಟುಗಂಟಾಗತೊಡಗಿತು. ಹಣ್ಣಿನ ಹುಳಿ ರಸ ಪಾತ್ರೆಯಲ್ಲಿ ಸೇರುತ್ತಿದ್ದದ್ದೇ ಕಾರಣ. ಪಿಎಚ್ ಸುಮಾರು 3.5ಕ್ಕಿಂತ ಕೆಳಗಿಳಿದರೆ ಆಲ್ಜಿನೇಟ್ ಆಲ್ಜಿನಿಕ್ ಆಮ್ಲವಾಗಿ ಹೆಪ್ಪುಗಟ್ಟುತ್ತದೆ. ಹೆಚ್ಚಿದ ಹೋಳನ್ನು ಕುದಿಸಿ ಆರಿಸಿದ ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಜಾಲರಿಯ ಮೇಲೆ ರಸ ಬಸಿದ ಮೇಲೆಯೇ ಲೋಳೆಗೆ ಹಾಕಬೇಕು. ಲೋಳೆಯನ್ನು ಸಣ್ಣ ಪಾತ್ರೆಯಲ್ಲಿ ಸ್ವಲ್ಪವೇ ಇಟ್ಟುಕೊಂಡು ಆಗಾಗ ಹೊಸತು ಮಾಡಿಕೊಳ್ಳಬೇಕು ಎಂದು ಗೊತ್ತಾಯಿತು. ಆಗಾಗ ಬದಲಿಸುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ: ನೂರು ಹೋಳು ಅದ್ದಿದ ಲೋಳೆ, ನೂರು ಹೋಳುಗಳ ಯೀಸ್ಟನ್ನು ನೂರೊಂದನೆಯದಕ್ಕೆ ಅಂಟಿಸುತ್ತದೆ.

ಮಜ್ಜಿಗೆ ಹುಲ್ಲು

ಆಲ್ಜಿನೇಟ್ ತಾನಾಗಿ ಯೀಸ್ಟನ್ನು ಕೊಲ್ಲುವುದಿಲ್ಲ. ಅದು ಬರೀ ಹೊದಿಕೆ. ಅದರೊಳಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಏನನ್ನಾದರೂ ಇಡಬೇಕಿತ್ತು. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇದೆ, ಶಕ್ತಿ ಚೆನ್ನಾಗಿದೆ. ಆದರೆ ರುಚಿ ನೋಡಿದವರೆಲ್ಲ ಹಲ್ಲುನೋವಿನ ಔಷಧ ನೆನಪಾಗುತ್ತದೆ ಎಂದರು. ಹಿತ್ತಿಲಲ್ಲೇ ಬೆಳೆಯುವ ಮಜ್ಜಿಗೆ ಹುಲ್ಲಿನ ಹೆಸರು ಬಂದದ್ದು ಸಂಘದವರ ಬಾಯಿಂದಲೇ. ಅದರ ಎಣ್ಣೆಯ ಬಹುಪಾಲು ಸಿಟ್ರಾಲ್ ಎಂಬ ಪರಿಮಳದ ಅಂಶ. ಅದು ಯೀಸ್ಟು, ಬೂಷ್ಟುಗಳ ಕೋಶಪೊರೆಯನ್ನು ಸಡಿಲಿಸುತ್ತದೆ. ಪರಿಮಳವೂ ಅನಾನಸ್ಸಿಗೆ ಹೊಂದುತ್ತದೆ.

ಮೊದಲು ಅವರು ಹುಲ್ಲನ್ನು ಕುದಿಸಿ ಕಷಾಯ ಮಾಡಿ ಬೆರೆಸಿದರು. ಫಲ ಸಿಗಲಿಲ್ಲ. ಸಿಟ್ರಾಲ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಮನೆ ತುಂಬ ಪರಿಮಳ ಹರಡಿತ್ತು ಎಂದರೆ ಪಾತ್ರೆಯೊಳಗೆ ಉಳಿದದ್ದು ಕಡಿಮೆ ಎಂದೇ ಅರ್ಥ. ಭಟ್ಟಿಯಿಳಿಸಿದ ಎಣ್ಣೆಯೇ ಬೇಕಿತ್ತು, ಅದೂ ಆಹಾರ ದರ್ಜೆಯದು. ಸೊಳ್ಳೆಗೆ, ನೆಲ ಒರೆಸಲು, ಅಗರಬತ್ತಿಗೆ ಎಂದು ಮಾರುವ ಎಣ್ಣೆಯ ಸೀಸೆಗಳನ್ನು ದೂರವಿಡಿ ಎಂದು ಇಲ್ಲಿಯೂ ಒತ್ತಿ ಹೇಳಬೇಕಾಯಿತು.

ಎಣ್ಣೆಯನ್ನು ಲೋಳೆಗೆ ಸುಮ್ಮನೆ ಸುರಿದರೆ ಹನಿಹನಿಯಾಗಿ ಮೇಲೆ ತೇಲುತ್ತದೆ. ಒಂದು ಹೋಳಿನಲ್ಲಿ ರುಚಿಯೇ ಇಲ್ಲ, ಇನ್ನೊಂದು ಹೋಳು ಬಾಯಿ ಸುಡುತ್ತದೆ. ಎಣ್ಣೆ, ನೀರುಗಳನ್ನು ಬೆಸೆಯುವ ಲೆಸಿತಿನ್ ಸೇರಿಸಿ ಮಿಕ್ಸಿಯಲ್ಲಿ ಚೆನ್ನಾಗಿ ತಿರುಗಿಸಿದ ಮೇಲೆ ಅದು ಹಾಲಿನ ಬಣ್ಣಕ್ಕೆ ತಿರುಗಿ ಒಂದಾಯಿತು. ಪ್ರಮಾಣದ ವಿಷಯದಲ್ಲಿ ಎಳೆದಾಟ ನಡೆಯಿತು. ಶೇ 0.5ರಷ್ಟು ಹಾಕಿದಾಗ ಯೀಸ್ಟು ಚೆನ್ನಾಗಿ ಹಿಂಜರಿಯಿತು, ಹಣ್ಣು ತಿನ್ನುವವರೂ ಹಿಂಜರಿದರು. ಶೇ 0.3ರ ಆಸುಪಾಸಿಗೆ ಇಳಿಸಿದಾಗ ಹಣ್ಣಿನ ರುಚಿ ಉಳಿಯಿತು, ತಡೆಯುವ ಗುಣವೂ ಪೂರ್ತಿ ಹೋಗಲಿಲ್ಲ. ಸುಗಂಧ ತೈಲಗಳ ದೊಡ್ಡ ಮಿತಿ ಇದು. ಪ್ರಯೋಗಾಲಯದ ತಟ್ಟೆಯಲ್ಲಿ ಸೂಕ್ಷ್ಮಜೀವಿಯನ್ನು ಕೊಲ್ಲುವ ಪ್ರಮಾಣವನ್ನು ನಾಲಿಗೆ ಒಪ್ಪುವುದಿಲ್ಲ, ನಾಲಿಗೆ ಒಪ್ಪುವ ಪ್ರಮಾಣದಲ್ಲಿ ಎಣ್ಣೆಯೊಂದೇ ಹಣ್ಣನ್ನು ಕಾಪಾಡಲಾರದು.

ಉಬ್ಬಿದ ಡಬ್ಬಿಗಳು ಮತ್ತೆ

ಪದರ ಹಾಕಿದ ಹೋಳು ಹೊಳೆಯುತ್ತಿತ್ತು. ರಸ ಸೋರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು. ಇದರಿಂದ ಹುರುಪುಗೊಂಡ ಸದಸ್ಯರು ಆಲ್ಜಿನೇಟನ್ನು ಹೆಚ್ಚಿಸಿ, ಎರಡೆರಡು ಸಲ ಅದ್ದಿ ದಪ್ಪ ಪದರ ಮಾಡತೊಡಗಿದರು. ತೆಳುವಾದದ್ದೇ ಇಷ್ಟು ಕಾಪಾಡಿದರೆ ದಪ್ಪನೆಯದು ಇನ್ನಷ್ಟು ಕಾಪಾಡಬೇಕಲ್ಲ ಎಂಬುದು ಅವರ ತರ್ಕ.

ಆ ವಾರ ಗಾಳಿಮಳೆಗೆ ಕರೆಂಟು ಹೋಯಿತು. ದಪ್ಪ ಪದರದ ಡಬ್ಬಿಗಳು ಪದರವಿಲ್ಲದ ಕಾಲಕ್ಕಿಂತ ಜೋರಾಗಿ ಉಬ್ಬಿದವು. ಹೋಳುಗಳು ಹೊಳೆಯುತ್ತಲೇ ಇದ್ದವು, ಬಾಯಿಗಿಟ್ಟರೆ ಹೆಂಡ.

ಹೆಚ್ಚಿದ ಹಣ್ಣು ಸತ್ತಿರುವುದಿಲ್ಲ, ಅದು ಉಸಿರಾಡುತ್ತಿರುತ್ತದೆ; ಹೆಚ್ಚಿದ ಗಾಯಕ್ಕೆ ಉಸಿರಾಟ ಜೋರೇ ಆಗುತ್ತದೆ. ದಪ್ಪ ಪದರ ಆಮ್ಲಜನಕವನ್ನು ತಡೆದರೆ ಹಣ್ಣಿನ ಕೋಶಗಳೇ ಹುದುಗುವ ದಾರಿ ಹಿಡಿಯುತ್ತವೆ. ಯೀಸ್ಟಿಗೂ ಆಮ್ಲಜನಕವಿಲ್ಲದೆ ಹುದುಗಿಸಲು ಬರುತ್ತದೆ. ಅದರ ಮೇಲೆ ಫ್ರಿಜ್ ನಿಂತು ಬೆಚ್ಚಗಾದರೆ ಉಸಿರಾಟವೂ ಯೀಸ್ಟೂ ಒಟ್ಟಿಗೆ ಓಡತೊಡಗುತ್ತವೆ.

ಇಲ್ಲಿ ಕೆಲಸವನ್ನು ನಿಲ್ಲಿಸಿ ಒಂದು ಹೋಲಿಕೆ ಮಾಡೋಣ ಎಂದು ನಾನು ಹಟ ಹಿಡಿದೆ. ಒಂದೇ ದಿನದ ಹಣ್ಣನ್ನು ನಾಲ್ಕು ಪಾಲು ಮಾಡಿದೆವು. ಎರಡು ಪಾಲನ್ನು ಎಂದಿನಂತೆ ಹೆಚ್ಚುವುದು. ಉಳಿದ ಎರಡು ಪಾಲಿನ ಹಣ್ಣಿನ ಜುಟ್ಟು ತೆಗೆದು, ಇಡೀ ಹಣ್ಣನ್ನು ಬ್ರಷ್ಷಿನಿಂದ ಉಜ್ಜಿ, 100ರಿಂದ 200 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಕ್ಲೋರಿನ್ ನೀರಿನಲ್ಲಿ ಅದ್ದಿ ತೊಳೆದು, ಸಿಪ್ಪೆ ತೆಗೆಯಲು ಒಂದು ಮಣೆ ಮತ್ತು ಚಾಕು, ತಿರುಳು ಹೆಚ್ಚಲು ಬೇರೆ ಮಣೆ ಮತ್ತು ಚಾಕು ಬಳಸುವುದು. ಪ್ರತಿ ಜೋಡಿಯಲ್ಲಿ ಒಂದಕ್ಕೆ ತೆಳು ಪದರ, ಇನ್ನೊಂದಕ್ಕೆ ಇಲ್ಲ. ನಾಲ್ಕನ್ನೂ ಒಂದೇ ಐಸ್ ಪೆಟ್ಟಿಗೆಯಲ್ಲಿ ಇಟ್ಟೆವು.

ಪದರವಿಲ್ಲದ ಸ್ವಚ್ಛ ಹೋಳು, ಪದರವಿದ್ದ ಎಂದಿನ ಹೋಳಿಗಿಂತ ಹೆಚ್ಚು ಹೊತ್ತು ಚೆನ್ನಾಗಿತ್ತು. ಸ್ವಚ್ಛವೂ ಆಗಿ ತೆಳು ಪದರವೂ ಇದ್ದದ್ದು ಎಲ್ಲಕ್ಕಿಂತ ಮುಂದಿತ್ತು. ಪದರಕ್ಕಾಗಿ ದುಡ್ಡು, ಶ್ರಮ ಎರಡನ್ನೂ ಹಾಕಿದ್ದ ಸಂಘಕ್ಕೆ ಇದು ನುಂಗಲು ಸುಲಭದ ತುತ್ತಲ್ಲ. ಆದರೆ ತಮ್ಮ ಕೈಯಾರೆ ಮಾಡಿ, ತಮ್ಮ ಕಣ್ಣಾರೆ ನೋಡಿದ್ದರಿಂದ ಯಾರೂ ವಾದಕ್ಕಿಳಿಯಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅನಾನಸ್ಸಿನ ಒಂದೊಂದು ಕಣ್ಣಿನಲ್ಲೂ ಮಣ್ಣು, ಒಣಗಿದ ರಸ, ಇರುವೆಗಳ ಸಂಚಾರ. ಸಿಪ್ಪೆಯ ಮೇಲಿನ ಯೀಸ್ಟನ್ನು ಚಾಕುವೇ ತಿರುಳಿಗೆ ಎಳೆದು ತರುತ್ತಿತ್ತು. ಇಡೀ ಹಣ್ಣು ತೊಳೆದ ಬಕೆಟಿನ ಬಾವಿ ನೀರನ್ನೇ ಹೋಳು ತೊಳೆಯಲೂ ಬಳಸುತ್ತಿದ್ದರು, ಅದೂ ಮಳೆಗಾಲದಲ್ಲಿ ಕದಡಿದ ನೀರು. ಕ್ಲೋರಿನ್ ನೀರೂ ಮಣ್ಣು, ರಸ ಸೇರಿದಂತೆ ಬೇಗ ಶಕ್ತಿಗುಂದುತ್ತದೆ, ಆದ್ದರಿಂದ ಮೊದಲು ಉಜ್ಜುವುದು, ಆಮೇಲೆ ಅದ್ದುವುದು ಎಂಬ ಕ್ರಮ ಮುಖ್ಯ. ಕೊನೆಗೆ ಕುಡಿಯುವ ನೀರಿನಲ್ಲಿ ಜಾಲಿಸಬೇಕು.

ಎಷ್ಟು ಹೊತ್ತು ಬೇಕು

ಈ ಹೋಲಿಕೆಯ ನಂತರ ನಡೆದ ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ಇಡೀ ಕೆಲಸದ ದಿಕ್ಕನ್ನು ಬದಲಿಸಿತು. ಹಣ್ಣು ನಿಜವಾಗಿ ಎಷ್ಟು ಹೊತ್ತು ಉಳಿಯಬೇಕು? ವಿಡಿಯೊದಲ್ಲಿ ವಾರಗಟ್ಟಲೆ ಎಂದಿತ್ತು. ಆದರೆ ಅಂಗಡಿಗೆ ಡಬ್ಬಿ ದಿನವೂ ಹೋಗುತ್ತದೆ, ಹೆಚ್ಚಿನದು ಅಂದೇ ಖಾಲಿಯಾಗುತ್ತದೆ, ಉಳಿದದ್ದು ಮರುದಿನ ಸಂಜೆಯೊಳಗೆ ಹೋಗಬೇಕು. ಬೇಕಿದ್ದದ್ದು ಅಷ್ಟೇ. ಅದರಲ್ಲೂ ಮೊದಲ ಹನ್ನೆರಡು ತಾಸು ಸಂಘದ ಮನೆಯಲ್ಲೇ, ತಂಪಿಲ್ಲದೆ ಕಳೆದುಹೋಗುತ್ತಿತ್ತು.

ಹೆಚ್ಚುವ ಕೆಲಸವನ್ನು ರಾತ್ರಿಯಿಂದ ನಸುಕಿಗೆ ತಳ್ಳಿದರು. ಹೇಳಿದಷ್ಟು ಸುಲಭದ ಮಾತಲ್ಲ ಅದು. ನಸುಕಿನಲ್ಲಿ ಕೊಟ್ಟಿಗೆ ಕೆಲಸ, ಮಕ್ಕಳ ತಿಂಡಿ ಎಲ್ಲವೂ ಹೆಂಗಸರ ತಲೆಯ ಮೇಲೇ ಇರುತ್ತದೆ. ಪಾಳಿ ಹಾಕಿಕೊಂಡರು, ಎರಡು ಮನೆಗಳಲ್ಲಿ ಗಂಡಸರು ಹಾಲು ಕರೆಯುವ ಕೆಲಸ ವಹಿಸಿಕೊಂಡ ಮೇಲೆ ಪಾಳಿ ನೆಲೆಗೊಂಡಿತು. ತೊಳೆದ ಇಡೀ ಹಣ್ಣನ್ನು ರಾತ್ರಿಯೇ ತಂಪಾದ ಜಾಗದಲ್ಲಿ ಇಟ್ಟು, ನಸುಕಿನಲ್ಲಿ ಹೆಚ್ಚಿ, ತೆಳು ಪದರ ಕೊಟ್ಟು, ಬಸಿದು, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಅದೇ ಮೊದಲ ಬಸ್ಸಿಗೆ ಹಾಕುವುದು ಈಗಿನ ಕ್ರಮ. ಗುರಿ 5 ಡಿಗ್ರಿ ಸೆಲ್ಸಿಯಸ್ಸಿನ ಒಳಗೆ ಇಡುವುದು. ಕರೆಂಟು ಹೋದರೂ ಅಂಗಡಿಯಲ್ಲಿ ಆ ಪೆಟ್ಟಿಗೆಯೇ ಕೆಲವು ತಾಸು ಕಾಯುತ್ತದೆ. ಪದರಕ್ಕೆ ಈಗ ಒಂದು ನಿರ್ದಿಷ್ಟ, ಚಿಕ್ಕ ಕೆಲಸ ಉಳಿದಿದೆ: ರಸ ಹಿಡಿದಿಡುವುದು, ಎರಡನೆಯ ದಿನ ಯೀಸ್ಟು ತಲೆ ಎತ್ತುವುದನ್ನು ಮುಂದೂಡುವುದು. ಅಷ್ಟನ್ನು ಅದು ಚೆನ್ನಾಗಿ ಮಾಡುತ್ತದೆ. ಅಂದೇ ಖರ್ಚಾಗುವ ಹೋಟೆಲಿನ ಮಾಲಿಗೆ ಪದರ ಹಾಕುವುದನ್ನು ಬಿಟ್ಟೇಬಿಟ್ಟಿದ್ದಾರೆ. ಆಲ್ಜಿನೇಟಿನ ಖರ್ಚು ದೊಡ್ಡದಲ್ಲ, ಲೋಳೆಗೊಮ್ಮೆ, ಕ್ಯಾಲ್ಸಿಯಂ ನೀರಿಗೊಮ್ಮೆ ಅದ್ದಿ ಬಸಿಯುವ ಕೈಕೆಲಸ ದೊಡ್ಡದು.

ವಾಪಸು ಬರುವ ಡಬ್ಬಿ ಈಗ ಅಪರೂಪ. ಬೇಡ ಎಂದಿದ್ದ ಅಂಗಡಿಯವರೂ ಮತ್ತೆ ತೆಗೆದುಕೊಳ್ಳುತ್ತಿದ್ದಾರೆ.

ದಿನಾಂಕದ ಜಗ್ಗಾಟ

ಇನ್ನೊಂದು ತೀರ್ಮಾನ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಎನಿಸುತ್ತದೆ. ಹೋಳು ಮೂರನೆಯ, ನಾಲ್ಕನೆಯ ದಿನವೂ ಹೊಳೆಯುತ್ತಿದ್ದದ್ದನ್ನು ನೋಡಿದ ಅಂಗಡಿಯವರೊಬ್ಬರು, ಡಬ್ಬಿಯ ಮೇಲಿನ ದಿನಾಂಕವನ್ನು ಮುಂದಕ್ಕೆ ಹಾಕಿ ಎಂದು ಒತ್ತಾಯಿಸಿದರು. ಸಂಘ ಒಪ್ಪಲಿಲ್ಲ. ಬದಲಿಗೆ ಹೆಚ್ಚಿದ ದಿನದ ಜೊತೆಗೆ ಹೊತ್ತನ್ನೂ ಬರೆಯತೊಡಗಿತು.

ಪದರದ ಅಪಾಯ ಇರುವುದೇ ಇಲ್ಲಿ. ಸಾಧಾರಣ ಹೋಳು ಹಳತಾದರೆ ಬಾಡುತ್ತದೆ, ಬಣ್ಣಗೆಡುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಪದರ ಆ ಗುರುತುಗಳನ್ನು ಅಳಿಸುತ್ತದೆ. ಹುಳಿ ಹಣ್ಣು ಎಂದ ಮಾತ್ರಕ್ಕೆ ರೋಗಾಣುಗಳಿಂದ ಮುಕ್ತವೂ ಅಲ್ಲ: ಸಾಲ್ಮೊನೆಲ್ಲಾ, ಇ. ಕೋಲಿಯ ಕೆಲವು ತಳಿಗಳು ಹುಳಿಯಲ್ಲಿ ಬೆಳೆಯದಿದ್ದರೂ ಜೀವ ಹಿಡಿದುಕೊಂಡು ಇರಬಲ್ಲವು. ಕೈ ತೊಳೆಯದ ಒಬ್ಬರಿಂದ ಅವು ಹಣ್ಣಿಗೆ ಬಂದರೆ ಯಾವ ಮಜ್ಜಿಗೆ ಹುಲ್ಲೂ ನಂಬಿಕೆಗೆ ಅರ್ಹವಲ್ಲ. ಆಕರ್ಷಕವಾಗಿ ಕಾಣುವ ದಿನಗಳನ್ನು ಸುರಕ್ಷಿತ ದಿನಗಳೆಂದು ಎಣಿಸುವ ಹಕ್ಕು ಮಾರುವವರಿಗೆ ಇಲ್ಲ.

ಲೇಬಲ್ಲಿನ ಮೇಲೆ ಪದರದ ವಿವರವನ್ನೂ ಹಾಕಿದ್ದಾರೆ. ತಿನ್ನುವ ಪದರ ಪ್ಯಾಕಿಂಗ್ ಸಾಮಗ್ರಿಯಲ್ಲ, ಆಹಾರದ ಭಾಗವೇ. ಅದರಲ್ಲಿರುವುದೆಲ್ಲ ಪದಾರ್ಥಗಳ ಪಟ್ಟಿಗೆ ಸೇರಬೇಕು. ಸೋಡಿಯಂ ಆಲ್ಜಿನೇಟ್ 401, ಕ್ಯಾಲ್ಸಿಯಂ ಲ್ಯಾಕ್ಟೇಟ್ 327, ಲೆಸಿತಿನ್ 322 ಎಂಬ ಸಂಖ್ಯೆಗಳು ಸೇರ್ಪಡೆಗಳ ಪಟ್ಟಿಯಲ್ಲಿವೆ. ಲೆಸಿತಿನ್ ಸೋಯಾದ್ದಾದರೆ ಸೋಯಾ ಎಂದೂ ಬರೆಯಬೇಕು, ಅದು ಕೂಡ ಅಲರ್ಜಿಯ ಪಟ್ಟಿಯದು. ಒಂದು ಸೇರ್ಪಡೆಗೆ ಅನುಮತಿ ಇದೆ ಎಂದರೆ ಎಲ್ಲ ತಿನಿಸಿಗೂ ಇದೆ ಎಂದಲ್ಲ, ತಿನಿಸಿನ ವರ್ಗದ ಪ್ರಕಾರ ನೋಡಬೇಕು. ಪುಡಿ ಕೊಳ್ಳುವ ಮೊದಲೇ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕೇಳುವುದು ಒಳ್ಳೆಯದು.

ಹಲಸಿನ ತೊಳೆಯ ಪ್ರಶ್ನೆ

ಸುದ್ದಿ ಹರಡಿದ ಮೇಲೆ ಪಕ್ಕದ ತಾಲ್ಲೂಕಿನ ಇನ್ನೊಂದು ಗುಂಪು ಇದೇ ಪದರವನ್ನು ಹಲಸಿನ ತೊಳೆಗೆ ಹಾಕಲು ವಿಧಾನ ಬರೆದುಕೊಡಿ ಎಂದು ಕೇಳಿತು. ವಿಧಾನವನ್ನು ನಾನು ಬರೆದುಕೊಡಲಿಲ್ಲ. ಅನಾನಸ್ಸಿನಲ್ಲಿ ನಮ್ಮನ್ನು ಅರ್ಧ ಕಾಯ್ದದ್ದು ಅದರ ಹುಳಿ. ಹಲಸಿನ ಹಣ್ಣಿನ ಪಿಎಚ್ 4.6ರ ಮೇಲಿದೆ. ಆ ಗೆರೆಯ ಮೇಲೆ, ಗಾಳಿಯಾಡದ ಕಡೆ, ತಂಪು ತಪ್ಪಿದರೆ ಬೊಟುಲಿಸಂ ಎಂಬ ಪ್ರಾಣಾಂತಕ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವಿದೆ. ಆಮ್ಲಜನಕ ತಡೆಯುವ ಪದರ, ಮುಚ್ಚಿದ ಡಬ್ಬಿ, ಕರೆಂಟಿಲ್ಲದ ಫ್ರಿಜ್ ಮೂರೂ ಸೇರುವ ಜಾಗದಲ್ಲಿ ಊಹೆಗೆ ಎಡೆಯಿಲ್ಲ. ಅಲ್ಲಿ ಯೀಸ್ಟಲ್ಲದೆ ಬ್ಯಾಕ್ಟೀರಿಯಾಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಪ್ರಯೋಗಾಲಯದಲ್ಲಿ ಎಣಿಸಬೇಕು.

ಆ ಗುಂಪಿಗೆ ಸದ್ಯಕ್ಕೆ ಹೇಳಿರುವುದು ಇಷ್ಟು: ಹೊರಗಿನ ಮುಳ್ಳುಸಿಪ್ಪೆಯನ್ನು ತೊಳೆದು ಕೊಯ್ಯಿರಿ, ಮೇಣ ಒರೆಸಿದ ಚಾಕು, ಬಟ್ಟೆಗಳನ್ನು ತೊಳೆಗೆ ತಾಗಿಸಬೇಡಿ, ಪದರವಿಲ್ಲದೆ ತಂಪಿನಲ್ಲಿಟ್ಟು ಅಂದಂದೇ ಮಾರಿ. ಎಷ್ಟು ಡಬ್ಬಿ ಯಾವ ಹೊತ್ತಿಗೆ ವಾಪಸು ಬಂತು, ವಾಸನೆ ಹೇಗಿತ್ತು, ಅಂದು ಕರೆಂಟು ಇತ್ತೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಹಲಸಿನ ಕಾಲಕ್ಕೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು, ಪದರ ಬೇಕೇ ಎಂಬಲ್ಲಿಂದ ಮಾತು ಶುರು ಮಾಡುವುದೆಂದು ಒಪ್ಪಿಕೊಂಡಿದ್ದೇವೆ.